ಎರಡನೆಯ ಚಾಟ್ನಿ

ಇಡೀ ಗೈಡುಪುಸ್ತಕದಲ್ಲಿ, ಎಲ್ಲಿಯೂ ತಾಳೆ ನೋಡದೆ, ಯಾರನ್ನೂ ಕೇಳದೆ, ಇದು ನನಗೆ ಗೊತ್ತಿರುವುದೇ ಎಂದು ಪ್ರತೀಕ್ಷಾ ಬರೆದ ವಾಕ್ಯ ಒಂದೇ ಒಂದು. ತಪ್ಪಾಗಿರುವುದೂ ಅದೊಂದೇ. ಫ್ರಾನ್ಸಿನ ಬರ್ಗಂಡಿಯಲ್ಲಿ ಯಾವ ಇಳಿಜಾರಿನಲ್ಲಿ ಯಾವ ಮಣ್ಣು, ಪಿನೋ ನ್ವಾರ್ ದ್ರಾಕ್ಷಿಗೆ ಆ ಹೆಸರು ಯಾಕೆ ಬಂತು, ಶಾರ್ಡೊನೆಯ ವೈನನ್ನು ಎಷ್ಟು ತಣ್ಣಗೆ ಕೊಡಬೇಕು, ಎಲ್ಲವನ್ನೂ ನಾಲ್ಕು ಕಡೆ ತಾಳೆ ನೋಡಿ ಬರೆದವಳು, ಬಳ್ಳಿ ಕತ್ತರಿಸುವ ಪ್ಯಾರಾಕ್ಕೆ ಬಂದಾಗ ಮಾತ್ರ, ಇಷ್ಟು ಹೊತ್ತು ಪರರ ಮನೆಯಲ್ಲಿ ಕಾಲು ಮಡಚಿ ಕೂತಿದ್ದವಳು ತನ್ನ ಮನೆಗೆ ಬಂದು ಕಾಲು ಚಾಚಿದ ಹಾಗೆ, ಸರಾಗವಾಗಿ ಟೈಪು ಮಾಡಿದ್ದಳು: ಬಳ್ಳಿಯನ್ನು ವರ್ಷಕ್ಕೆ ಎರಡು ಸಲ ಕತ್ತರಿಸುತ್ತಾರೆ, ಏಪ್ರಿಲ್‌ನಲ್ಲಿ ಒಮ್ಮೆ, ಅಕ್ಟೋಬರ್‌ನಲ್ಲಿ ಒಮ್ಮೆ. ಈಗ ದುಬೈಯ ಸಿಲಿಕಾನ್ ಓಯಸಿಸ್‌ನ ಒಂಬತ್ತನೆಯ ಮಹಡಿಯ ಅಡುಗೆಮನೆಯಲ್ಲಿ ಕಟ್ಟೆಗೆ ಒರಗಿ ನಿಂತು, ಸುಸನ್ ಮುಂದಕ್ಕೆ ಕಳಿಸಿದ ಇಮೇಲನ್ನು ಮತ್ತೆ ಓದಿದಳು. ಬರೆದವರು ಮದಾಮ್ ಸಿಮೋನ್, ಬರ್ಗಂಡಿಯ ಒಂದು ಹಳ್ಳಿಯಲ್ಲಿ ದ್ರಾಕ್ಷಿ ಬೆಳೆದು, ಮನೆಯ ಮೇಲಿನ ಕೋಣೆಗಳನ್ನು ಪ್ರವಾಸಿಗರಿಗೆ ಬಿಟ್ಟುಕೊಡುವ ಹೆಂಗಸು. ಈ ಗೈಡು ಬರೆಸಿದ, ಪ್ರತೀಕ್ಷಾ ಕೆಲಸ ಮಾಡುವ ಪ್ರವಾಸದ ಕಂಪನಿಯ ತಂಡಗಳು ಇಳಿದುಕೊಳ್ಳಬೇಕಾದದ್ದು ಅವರ ಮನೆಯಲ್ಲೇ. ಪುಸ್ತಕದ ಬಿಡುಗಡೆಗೆಂದು ಅಬುಧಾಬಿಗೆ ಬಂದಿಳಿದಿದ್ದರು. ಇಮೇಲಿನಲ್ಲಿ ಬೇರೇನೂ ಇರಲಿಲ್ಲ. ‘ನಲವತ್ತನೆಯ ಪುಟ. ನನ್ನ ಬಳ್ಳಿಗಳನ್ನು ಎರಡು ಸಲ ಕತ್ತರಿಸುತ್ತಿರುವವರು ಯಾರು? ಅವರನ್ನು ನಾನು ನೋಡಬೇಕು.’ ಅದರ ಕೆಳಗೆ ಸುಸನ್ ತನ್ನದೊಂದು ಸಾಲು ಸೇರಿಸಿದ್ದಳು, ಮಧ್ಯಾಹ್ನ ಬರುವಾಗ ಉತ್ತರ ತಯಾರಿಟ್ಟುಕೊಂಡು ಬಾ ಎಂದು. ಸುಸನ್ ಕಂಪನಿಯ ಮ್ಯಾನೇಜರು, ಕೆಟ್ಟವಳಲ್ಲ, ಆದರೆ ಇಮೇಲಿನಲ್ಲಿ ಪ್ಲೀಸ್ ಎಂದು ಬರೆದಳೆಂದರೆ ಸಿಟ್ಟು ಬಂದಿದೆ ಎಂದರ್ಥ. ಈ ಸಲ ಬರೆದಿದ್ದಳು.

ಇದು ಬರೀ ಅವಮಾನದ ಮಾತಾಗಿದ್ದರೆ ಪ್ರತೀಕ್ಷಾ ನುಂಗಿಕೊಳ್ಳುತ್ತಿದ್ದಳು. ಬರುವ ಸೆಪ್ಟೆಂಬರ್‌ನಲ್ಲಿ, ದ್ರಾಕ್ಷಿ ಕೊಯ್ಲಿನ ಹೊತ್ತಿಗೆ, ಮೊದಲ ತಂಡ ಬರ್ಗಂಡಿಗೆ ಹೊರಡುವುದಿತ್ತು. ಜೊತೆಗೆ ಹೋಗುವವರು ಪ್ರತೀಕ್ಷಾಳೋ ಅವಳ ಜೊತೆ ಕೆಲಸ ಮಾಡುವ ಎಲ್ರಾಯೋ ಎಂದು ಸುಸನ್ ಇವತ್ತೇ ಹೇಳುವುದಿತ್ತು. ಅವಳಿಗೆ ಹೋಗಬೇಕಿತ್ತು. ಇಷ್ಟು ಆಸೆ ಅವಳಿಗೆ ಮದುವೆಯ ಸೀರೆಯ ಮೇಲೂ ಇರಲಿಲ್ಲ, ದುಬೈಗೆ ಬರುವಾಗಲೂ ಇರಲಿಲ್ಲ. ಒಂದು ವರ್ಷ ಆ ನಾಡಿನ ನಕಾಶೆಯ ಮೇಲೆ ಬೆರಳಾಡಿಸಿ ಆಡಿಸಿ, ಈಗ ಅದು ತನ್ನನ್ನು ಕರೆಯದೆ ಬೇರೆಯವರನ್ನು ಕರೆದರೆ ಹೇಗೆ ಎಂಬ ಹೊಟ್ಟೆಕಿಚ್ಚು ಬೆಳಿಗ್ಗೆಯಿಂದ ಹೊಟ್ಟೆಯಲ್ಲೇ ಕೂತಿತ್ತು.

“ಯಾಕ, ಮಾರಿ ಸಣ್ಣದಾತು?” ಎಂದಳು ಅವ್ವ, ರೊಟ್ಟಿ ಬಡಿಯುವುದನ್ನು ನಿಲ್ಲಿಸದೆ.

“ಏನಿಲ್ಲವ್ವಾ. ಆಫೀಸಿಂದು.”

“ನಿನ್ನ ತಮ್ಮ ಫೋನ್ ಮಾಡಿದ್ದ. ಚಾಟ್ನಿ ಚಾಲೂ ಆಗೇತಂತ. ಆಳ ಸಿಗವಲ್ರಂತ. ನಿಮ್ಮಪ್ಪ ತಾನ ಕತ್ತರಿ ಹಿಡದ ನಿಂತಾನಂತ, ಬ್ಯಾಡಂದ್ರ ಕೇಳೂದಿಲ್ಲ.”

ಊರಿನ ದ್ರಾಕ್ಷಿ ತೋಟದಲ್ಲಿ ಬಳ್ಳಿ ಕತ್ತರಿಸುವುದಕ್ಕೆ ಅನ್ನುವ ಚಾಟ್ನಿ ಎಂಬ ಮಾತು ಕಿವಿಗೆ ಬಿದ್ದದ್ದೇ ಅವಳಿಗೆ ನಗು ಬಂತು, ಅಳುವೂ ಬಂದ ಹಾಗಾಯಿತು. ಅವ್ವ, ನಿಂಗವ್ವ, ವಿಸಿಟ್ ವೀಸಾದ ಮೇಲೆ ಬಂದು ತಿಂಗಳಾಗಿತ್ತು. ಪ್ರತೀಕ್ಷಾಳ ಗಂಡ ತರುಣ ದೂರದ ರುವೈಸ್‌ನ ಸೈಟಿನಿಂದ ವಾರಕ್ಕೊಮ್ಮೆ ಬರುವವನು, ಹಾಗಾಗಿ ಮನೆಯಲ್ಲಿ ತಾಯಿ ಮಗಳದೇ ರಾಜ್ಯ. ಅವ್ವ ದಿನಾ ಲಿಂಗಪೂಜೆ ಮುಗಿಸಿ ರೊಟ್ಟಿ ಬಡಿಯುವ ಸದ್ದಿಗೆ ಕೆಳಗಿನ ಮನೆಯ ಲೆಬನಾನಿನ ಹೆಂಗಸು ಒಂದು ದಿನ ಮೇಲೆ ಬಂದು, ಗೋಡೆಯಲ್ಲಿ ಏನಾದರೂ ಕೆಲಸ ನಡೆದಿದೆಯೇ ಎಂದು ಕೇಳಿದ್ದಳು. ಅವ್ವ ಅವಳ ಕೈಗೆ ಬಿಸಿ ರೊಟ್ಟಿ, ಶೇಂಗಾ ಹಿಂಡಿ ಕೊಟ್ಟು ಕಳಿಸಿದ ಮೇಲೆ ಗೋಡೆಯ ದೂರು ಬಂದಿರಲಿಲ್ಲ. ಮಗಳು ಫ್ರಾನ್ಸಿನ ದ್ರಾಕ್ಷಿಯ ಬಗ್ಗೆ ಪುಸ್ತಕ ಬರೆದಿದ್ದಾಳೆಂದು ಅವ್ವ ವಿಜಯಪುರದಿಂದ ತಿಕೋಟಾದವರೆಗಿನ ಎಲ್ಲ ಬೀಗರಿಗೂ ಫೋನು ಹಚ್ಚಿ ಹೇಳಿಯಾಗಿತ್ತು. ಆ ದ್ರಾಕ್ಷಿ ಒಣಗಿ ಮಣೂಕವಾಗುವುದಿಲ್ಲ, ವೈನಾಗುತ್ತದೆ ಎಂಬುದೂ ಅವಳಿಗೆ ಗೊತ್ತು. ಪ್ರತೀಕ್ಷಾ ಹೆದರಿ ಹೆದರಿ ಹೇಳಿದ ದಿನ ಅವ್ವ, “ಬರಿ. ಬರಿಯಾಕ ಏನ ಪಾಪ? ಬೆಳದವಗ ಪಾಪ ಇಲ್ಲ, ಬರದವಗೂ ಇಲ್ಲ. ಬಾಯಿಗಿ ಮಾತ್ರ ಹಚ್ಚಬ್ಯಾಡ” ಎಂದಿದ್ದಳು. ಆಯಿತೆಂದು ಮಾತು ಕೊಟ್ಟದ್ದರಿಂದ, ಬರ್ಗಂಡಿಯ ಗೈಡು ಬರೆದವಳು ಬರ್ಗಂಡಿಯ ಒಂದು ಹನಿಯನ್ನೂ ಕುಡಿಯದವಳು. ಇದು ಎಲ್ರಾಯ್‌ಗೆ ಗೊತ್ತಿತ್ತು, ಸುಸನ್‌ಗೆ ಗೊತ್ತಿರಲಿಲ್ಲ.

ಬರೆಯುತ್ತಿದ್ದ ದಿನಗಳಲ್ಲಿ ಸಂಜೆ ಫೋನಿನಲ್ಲಿ ಅವ್ವನಿಗೆ ಅಂದಂದಿನ ಕತೆ ಹೇಳುವುದೊಂದು ರೂಢಿಯಾಗಿತ್ತು. ಶಾರ್ಡೊನೆಯ ಹುಟ್ಟಿನ ಕತೆ ಹೇಳಿದಾಗ ಅವ್ವ ಊಟ ಬಿಟ್ಟು ಕೇಳಿದ್ದಳು. ಪಿನೋ ದೊಡ್ಡ ಮನೆತನದ ಬಳ್ಳಿ, ಗೊಂಚಲು ನೋಡಲು ಪುಟ್ಟ ಪೈನ್ ಕಾಯಿಯ ಹಾಗೆ, ಕಾಳಿಗೆ ಕಾಳು ಒತ್ತಿಕೊಂಡು. ಗೂಯೆ ಎಂಬುದು ಬಡವರ ಹಿತ್ತಿಲಲ್ಲಿ ಬೆಳೆಯುವ, ಯಾರೂ ಹೆಸರೆತ್ತದ ಬಳ್ಳಿ. ಯಾವಾಗಲೋ ಇವೆರಡೂ ಕೂಡಿ ಹುಟ್ಟಿದ್ದು ಶಾರ್ಡೊನೆ. ಗಾಮೆಯೂ ಅಲಿಗೋತೆಯೂ ಅದರ ಒಡಹುಟ್ಟುಗಳು. ಶಾರ್ಡೊನೆಗೆ ಪೀಠ ಸಿಕ್ಕಿತು, ಗಾಮೆಯನ್ನು ದೊರೆಯೊಬ್ಬ ಊರು ಬಿಡಿಸಿದ. “ಉಡಿಕಿ ಮದುವಿ ಮಾಡ್ಕೊಂಡಿರಬೇಕು ಬಿಡು. ಮಕ್ಕಳೊಳಗ ಒಂದರ ಹಣಿಬಾರ ಚಂದ, ಒಂದರದು ಖೊಟ್ಟಿ. ಎಲ್ಲಾ ಮನ್ಯಾಗೂ ಅದ ಐತಿ” ಎಂದು ಅವ್ವ ತೀರ್ಪು ಕೊಟ್ಟಿದ್ದಳು. ಅಲ್ಲಿ ಕಲ್ಲಿನ ಗೋಡೆ ಕಟ್ಟಿದ ಒಂದೇ ತೋಟದೊಳಗೆ ಎಂಬತ್ತು ಮಂದಿ ಪಾಲುದಾರರು, ಒಬ್ಬೊಬ್ಬನಿಗೆ ನಾಲ್ಕೇ ಸಾಲು ಬಳ್ಳಿ ಎಂದಾಗಲಂತೂ, “ಹಂಗಾದ್ರ ಅಲ್ಲೀನೂ ಬದುವಿನ ಜಗಳ ಅದಾವ ಅನ್ನು” ಎಂದು ಸಮಾಧಾನಪಟ್ಟಿದ್ದಳು. ಅಲ್ಲಿಯವರು ಒಂದೊಂದು ತುಂಡು ಹೊಲಕ್ಕೂ ಹೆಸರಿಟ್ಟು, ಆ ತುಂಡನ್ನು ‘ಕ್ಲಿಮಾ’ ಎನ್ನುತ್ತಾರೆ. ಮೊದಲ ವಾರ ಪ್ರತೀಕ್ಷಾ ಅದನ್ನು ಹವಾಮಾನವೆಂದೇ ತಿಳಿದು ಎರಡು ಪುಟ ಬರೆದು ಅಳಿಸಿದ್ದಳು. ಹೊಲದ ಹೆಸರೆಂದು ತಿಳಿದ ಮೇಲೆ ಅಪ್ಪನ ಹೊಲಗಳೆಲ್ಲ ಒಂದೊಂದಾಗಿ ಬಂದು ನಿಂತವು. ಬಸರಿಗಿಡದ ಪಟ್ಟಿ, ಕಲ್ಲಹೊಲ, ಮುದುಕಿ ಬಿದ್ದ ಹೊಲ. ಬಿದ್ದ ಮುದುಕಿ ಯಾರೆಂದು ಯಾರಿಗೂ ಗೊತ್ತಿಲ್ಲ, ಆದರೆ ಆ ಹೊಲದ ಥಾಮ್ಸನ್ ದ್ರಾಕ್ಷಿಗೆ ಬೇರೆಯದೇ ಸಿಹಿ ಎಂದು ಅಪ್ಪ ಆಣೆ ಮಾಡುತ್ತಿದ್ದ. ಆ ಹೊತ್ತಿನಲ್ಲೇ ಅವಳು ಬಳ್ಳಿ ಕತ್ತರಿಸುವ ಪ್ಯಾರಾ ಬರೆದದ್ದು. ಯಾವ ಹೊಲದಲ್ಲಿ ನಿಂತಿದ್ದೇನೆಂಬುದು ಮರೆತುಹೋಗಿತ್ತು.

ಎಲ್ರಾಯ್ ಕೆಳಗೆ ಕಾರು ನಿಲ್ಲಿಸಿ ಹಾರ್ನ್ ಹೊಡೆದ. ಕಿನ್ನಿಗೋಳಿಯವನು, ಮೊದಲು ಹೋಟೆಲಿನಲ್ಲಿ ವೈನು ಬಡಿಸುತ್ತಿದ್ದು ಆಮೇಲೆ ಪ್ರವಾಸದ ಕಂಪನಿಗೆ ಬಂದವನು. ಇಬ್ಬರ ನಡುವೆ ಒಂದು ಒಪ್ಪಂದವಿತ್ತು, ಇಂಥ ಕಾರ್ಯಕ್ರಮಗಳಿಗೆ ಹೋಗುವಾಗ ಅವನ ಡ್ರೈವಿಂಗ್, ಬರುವಾಗ ಇವಳದು. ಅವನು ಕುಡಿಯಬಹುದು, ಇವಳು ಕುಡಿಯದಿರುವುದಕ್ಕೆ ಕಾರಣ ಹೇಳಬಹುದು. ರಸ್ತೆಯ ಎರಡೂ ಬದಿಯ ಮರಳು ಅಕ್ಟೋಬರ್ ಬಂದರೂ ಬಿಸಿಲಿನಲ್ಲಿ ಬೆಳ್ಳಗೆ ಕಣ್ಣು ಕುಕ್ಕುತ್ತಿತ್ತು. ಅವಳು ಇಮೇಲಿನ ವಿಷಯ ಹೇಳಿದಳು.

“ಎಂತ ಚಟ್ನಿ?” ಎಂದ ಎಲ್ರಾಯ್.

“ಚಟ್ನಿ ಅಲ್ಲೋ, ಚಾಟ್ನಿ. ಬಳ್ಳಿ ಕತ್ತರಿಸೋದು. ನಮ್ಮ ಕಡೆ ಹಂಗ ಅಂತೀವಿ. ವರ್ಷಕ್ಕ ಎರಡ.”

“ಅಷ್ಟೇ ಅಲ್ವಾ. ಬೇಸಗೆಯಲ್ಲಿ ಅವರು ಮೇಲಿನ ಎಲೆ ಸವರ್ತಾರೆ ಮಾರಾಯ್ತಿ, ಅದನ್ನೇ ನಾನು ಎರಡನೇದು ಅಂತ ಹೇಳಿದ್ದು ಅಂತ ಹೇಳು. ಖಲಾಸ್. ಇಲ್ಲದಿದ್ರೆ ಪ್ರಿಂಟಿಂಗ್ ಮಿಸ್ಟೇಕ್ ಅಂತ ಹೇಳು. ನನ್ನ ಮಮ್ಮಿ ಕ್ರಿಸ್ಮಸ್‌ಗೆ ಭರಣಿಯಲ್ಲಿ ವೈನ್ ಹಾಕುವಾಗ ದ್ರಾಕ್ಷಿಗಿಂತ ಜಾಸ್ತಿ ಗೋಧಿ, ಸಕ್ಕರೆ ಹಾಕ್ತಾರೆ. ಯಾರಾದ್ರೂ ಕೇಳಿದ್ರೆ ಹಳೇ ರೆಸಿಪಿ ಅಂತಾರೆ. ಯಾರಿಗೆ ಎಂತ ಗೊತ್ತಾಗ್ತದೆ?”

ಅವಳು ಎರಡೂ ಸುಳ್ಳನ್ನು ನಾಲಿಗೆಯ ಮೇಲೆ ಇಟ್ಟು ನೋಡಿದಳು. ಎರಡೂ ಚೆನ್ನಾಗಿಯೇ ಇದ್ದವು. ಎಲ್ರಾಯ್ ಒಳ್ಳೆಯವನು ಎಂಬುದೇ ಇವತ್ತು ತೊಂದರೆಯಾಗಿತ್ತು. ತನ್ನ ಜೊತೆ ಪೈಪೋಟಿಗೆ ನಿಂತವನು ತನಗೇ ಸುಳ್ಳು ಹೇಳಿಕೊಡುತ್ತಿದ್ದಾನೆ. ಕೆಟ್ಟವನಾಗಿದ್ದರೆ ಮನಸ್ಸಿನಲ್ಲಾದರೂ ಬೈದು ಹಗುರಾಗಬಹುದಿತ್ತು. “ನಿನಗೂ ಹೋಗೋ ಆಸೆ ಐತಲ್ಲ?” ಎಂದು ಕೇಳಿದಳು. “ಉಂಟು,” ಎಂದ ಅವನು ಕನ್ನಡಿ ನೋಡುತ್ತ. “ತುಂಬಾ ಉಂಟು. ಸುಳ್ಳು ಯಾಕೆ ಹೇಳ್ಬೇಕು?” ಅಬುಧಾಬಿಯ ಅಂಚಿನ ಮೊಹಮ್ಮದ್ ಬಿನ್ ಜಾಯೆದ್ ಸಿಟಿಯ ವಿಲ್ಲಾಗಳು ಕಾಣಿಸತೊಡಗಿದವು. ಅವಳು ಕಣ್ಣು ಮುಚ್ಚಿದಳು. ಅಪ್ಪ ಮೊದಲ ಸಾಲಿನ ಮುಂದೆ ನಿಂತಿದ್ದ. ಗುರುಪಾದಪ್ಪನೆಂದರೆ ಊರಲ್ಲಿ ಮಾತು ಕಡಿಮೆಯ ಮನುಷ್ಯ, ಆದರೆ ಅಕ್ಟೋಬರ್ ಚಾಟ್ನಿಯ ದಿನ ಕಾಯಿ ಒಡೆದು, ಮೊದಲ ಬಳ್ಳಿಯ ಕಾಂಡದ ಮೇಲೆ ಅಂಗೈ ಇಟ್ಟು, ಯಾರಿಗೂ ಕೇಳದ ಹಾಗೆ ಏಳವ್ವ ಎನ್ನುತ್ತಿದ್ದ. ಆಮೇಲೆ ಕತ್ತರಿ. ಕತ್ತರಿಸಿದ ತುದಿಯಲ್ಲಿ ನೀರು ಜಿನುಗುತ್ತಿತ್ತು. ಬಳ್ಳಿ ಅಳಾಕತ್ತೇತಿ ಎಂದು ಅವಳು ಚಿಕ್ಕವಳಿದ್ದಾಗ ಸೆರಗು ಹಿಡಿದು ಎಳೆದರೆ, ಅವ್ವ ಅವಳನ್ನು ಎತ್ತಿಕೊಂಡು, ಎಚ್ಚರಿದ್ದವರಿಗೆ ಕತ್ತರಿ ಹಾಕಿದರೆ ಅಳದೆ ಏನು ಮಾಡಬೇಕು ಎನ್ನುತ್ತಿದ್ದಳು. ಏಪ್ರಿಲ್‌ನಲ್ಲಿ ಒಮ್ಮೆ ಅತ್ತದ್ದು, ಅಕ್ಟೋಬರ್‌ನಲ್ಲಿ ಮತ್ತೆ. ತನಗೂ ಎರಡು ಚಾಟ್ನಿಯಾಗಿದೆ, ಮದುವೆಯದೊಂದು, ದುಬೈಯದೊಂದು ಎಂದು ಯೋಚನೆ ಬಂತು. ಇಂಥ ಹೋಲಿಕೆಯನ್ನು ಗೈಡಿನಲ್ಲಿ ಬರೆದಿದ್ದರೆ ಸುಸನ್ ಕೆಂಪು ಗೆರೆ ಎಳೆಯುತ್ತಿದ್ದಳು, ಎಳೆಯಬೇಕಾದದ್ದೇ. ದುಬೈಯಲ್ಲಿ ಅವಳಿಗೆ ಯಾವ ಕಷ್ಟವೂ ಇರಲಿಲ್ಲ. ತರುಣ ಬಂದ ದಿನ ಮನೆ ತುಂಬಿರುತ್ತಿತ್ತು, ಕೆಲಸ ಇಷ್ಟವಾಗಿತ್ತು, ಈಗ ಅವ್ವನೂ ಇದ್ದಳು.

ಹೋಟೆಲಿನ ಹಾಲಿನಲ್ಲಿ ಉದ್ದನೆಯ ಮೇಜಿಗೆ ಬಿಳಿ ಬಟ್ಟೆ ಹಾಸಿ, ಮದುವೆಯ ಪಂಕ್ತಿಯ ಹಾಗೆ ಸಾಲಾಗಿ ಲೋಟ ಜೋಡಿಸಿದ್ದರು. ನಡುನಡುವೆ ಉಗುಳುವುದಕ್ಕೆ ಸ್ಟೀಲಿನ ಪಾತ್ರೆಗಳು. ಬಲ್ಲವರು ಬಾಯಲ್ಲಿ ಆಡಿಸಿ ಉಗುಳುತ್ತಾರೆ, ಎಲೆಯಡಿಕೆಯವರ ಹಾಗೆ. ಕಿಟಕಿಯಾಚೆ ನೀರು, ನೀರಿನಾಚೆ ಅಲ್ ರೀಮ್‌ನ ಗಗನಚುಂಬಿಗಳು. ಬಂದವರಲ್ಲಿ ಹೆಚ್ಚಿನವರು ಅಲ್ಲಿಯ ಕಚೇರಿಗಳಿಂದಲೇ ಬಂದಂತಿದ್ದರು. ಪ್ರತೀಕ್ಷಾಳ ಕಣ್ಣು ಅವರೊಳಗೆ ಫ್ರೆಂಚ್ ಹೆಂಗಸನ್ನು ಹುಡುಕುತ್ತಿತ್ತು. ಅವಳ ಮನಸ್ಸಿನಲ್ಲಿ ಮದಾಮ್ ಸಿಮೋನ್ ಎತ್ತರದವರು, ಮುತ್ತಿನ ಸರ ಹಾಕಿದವರು, ತುಟಿ ಬಿಗಿದುಕೊಂಡವರು. ಅಂಥವರು ಮೂವರು ಕಂಡರು, ಮೂವರಿಂದಲೂ ಅವಳು ದೂರ ನಿಂತಳು. ಟೈ ಕಟ್ಟಿದವನೊಬ್ಬ ಬಂದು, ಗೈಡು ಬರೆದವರು ನೀವೇ ಏನು, ಚೆನ್ನಾಗಿದೆ, ನಿಮಗೆ ಇಷ್ಟವಾದ ಹಳ್ಳಿ ಯಾವುದು ಎಂದ. ಅವಳು ಪುಸ್ತಕದಲ್ಲಿದ್ದ ಹಾಗೆಯೇ, ಉತ್ತರದ ಇಳಿಜಾರಿನ ಕೆಂಪು ವೈನುಗಳಲ್ಲಿ ಚೆರ್ರಿ ಹಣ್ಣು, ಒದ್ದೆ ಮಣ್ಣು, ಅಣಬೆ ಎಂದೆಲ್ಲ ಹೇಳಿದಳು. “ಆದರೆ ನಿಮ್ಮ ಲೋಟ ತುಂಬಿಯೇ ಇದೆಯಲ್ಲ?” ಎಂದ ಅವನು ನಗುತ್ತ. “ನಾನು ಡ್ರೈವ್ ಮಾಡಬೇಕು,” ಎಂದಳು. ಅದು ನಿಜವಾಗಿತ್ತು. ನಿಜವನ್ನು ಸುಳ್ಳಿನ ಕೆಲಸಕ್ಕೆ ಹಚ್ಚಿದ್ದಕ್ಕೋ ಏನೋ, ಕಿವಿ ಬಿಸಿಯಾಯಿತು.

ಅದೇ ಹೊತ್ತಿಗೆ ಸುಸನ್ ಚಪ್ಪಾಳೆ ತಟ್ಟಿ, ನಮ್ಮ ಲೇಖಕಿ ಈಗ ಲೋಟ ತಿರುಗಿಸಿ ಪರಿಮಳ ನೋಡುವುದು ಹೇಗೆಂದು ತೋರಿಸುತ್ತಾಳೆ ಎಂದುಬಿಟ್ಟಳು. ಅದರ ಬಗ್ಗೆ ಪ್ರತೀಕ್ಷಾ ಇಡೀ ಒಂದು ಪುಟ ಬರೆದಿದ್ದಳು. ಲೋಟದ ಕಾಲು ಹಿಡಿಯಬೇಕು, ಹೊಟ್ಟೆ ಮುಟ್ಟಬಾರದು, ಮಣಿಕಟ್ಟು ಮಾತ್ರ ಆಡಬೇಕು. ಮನೆಯಲ್ಲಿ ನೀರು ಹಾಕಿ ಅಭ್ಯಾಸವನ್ನೂ ಮಾಡಿದ್ದಳು. ಎಲ್ಲರೂ ನೋಡುತ್ತಿದ್ದಾರೆ ಎಂದ ಕೂಡಲೇ ಮಣಿಕಟ್ಟು ಮಜ್ಜಿಗೆ ಕಡೆಯುವ ಲಯಕ್ಕೆ ಬಿತ್ತು. ಅರ್ಧ ಲೋಟ ಪಿನೋ ನ್ವಾರ್ ಅವಳ ಹಾಲುಬಣ್ಣದ ದುಪಟ್ಟಾದ ಮೇಲಿತ್ತು. ಯಾರೋ ನಕ್ಕರು, ಯಾರೋ ನಗಲಿಲ್ಲ. ಎಲ್ರಾಯ್ ತಕ್ಷಣ ತನ್ನ ಲೋಟವೆತ್ತಿ, “ಇದು ಹೇಗೆ ಮಾಡಬಾರದು ಅಂತ ತೋರಿಸಿದ್ದು, ಈಗ ಹೇಗೆ ಮಾಡೋದು ಅಂತ ನಾನು ತೋರಿಸ್ತೇನೆ” ಎಂದು ಇಂಗ್ಲಿಷಿನಲ್ಲಿ ಹೇಳಿ ಎಲ್ಲರನ್ನೂ ತನ್ನ ಕಡೆ ತಿರುಗಿಸಿಕೊಂಡ. ಅವಳನ್ನು ಉಳಿಸಲೆಂದೇ ಮಾಡಿದ. ಆದರೆ ಸುಸನ್ ಅವನನ್ನು ನೋಡಿದ ರೀತಿ ಅವಳಿಗೆ ಕಾಣಿಸಿತು. ಸೆಪ್ಟೆಂಬರ್‌ನ ಪ್ರವಾಸ ಅಲ್ಲಿಯೇ ಕೈತಪ್ಪಿತೆಂದು ಗೊತ್ತಾಯಿತು.

ವಾಶ್‌ರೂಮಿನಲ್ಲಿ ದುಪಟ್ಟಾವನ್ನು ನಲ್ಲಿಯ ಕೆಳಗೆ ಹಿಡಿದಳು. ಹಿಂಡುವುದಕ್ಕೆ ಎರಡು ಕೈ ಸಾಲದೆ, ಊರಲ್ಲಿ ಹೆಂಗಸರು ಮಾಡುವ ಹಾಗೆ, ಒಂದು ತುದಿಯನ್ನು ಹಲ್ಲಿನಲ್ಲಿ ಕಚ್ಚಿಕೊಂಡಳು. ನಾಲಿಗೆಗೆ ಹುಳಿ ತಾಗಿತು, ಅದರ ಹಿಂದೆ ಒಂದಿಷ್ಟು ಒಗರು, ಆಮೇಲೆ ಸೋಪಿನ ರುಚಿ. ಅವ್ವನ ಮಾತು ನೆನಪಾದದ್ದು ತುದಿಯನ್ನು ಬಿಟ್ಟ ಮೇಲೆಯೇ. ವರ್ಷಗಟ್ಟಲೆ ಕಾಯ್ದುಕೊಂಡದ್ದು ಹೀಗೆ ಬಟ್ಟೆ ಹಿಂಡುವಾಗ ಹೋಯಿತಲ್ಲ ಎಂದು ಸಂಕಟವಾಯಿತು. ಪುಸ್ತಕದಲ್ಲಿ ತಾನು ಬರೆದ ಚೆರ್ರಿ, ಅಣಬೆ ಯಾವುದೂ ಅಲ್ಲಿ ಇರಲಿಲ್ಲ. ಇದ್ದದ್ದು ಮಣೂಕದ ಶೆಡ್ಡಿನಲ್ಲಿ ಒಣಗಿಸುವ ತಟ್ಟಿಯ ಮೂಲೆಯಲ್ಲಿ ಉಳಿದು ಹುಳಿಬಂದ ದ್ರಾಕ್ಷಿಯ ವಾಸನೆ. ಅದು ಮೊದಲೇ ಗೊತ್ತಿದ್ದ ವಾಸನೆ, ಇಷ್ಟಕ್ಕೇ ಇಷ್ಟು ಹೆದರಿದೆನೇ ಎಂದೂ ಅನ್ನಿಸಿತು.

“ಬಿಳಿ ವೈನ್ ಸುರಿದರೆ ಹೋಗುತ್ತದೆ ಎನ್ನುತ್ತಾರೆ. ಹೋಗುವುದಿಲ್ಲ. ಸುಮ್ಮನೆ ಇನ್ನೊಂದು ವೈನ್ ಹಾಳು,” ಎಂದು ಹಿಂದಿನಿಂದ ಇಂಗ್ಲಿಷಿನಲ್ಲಿ ಯಾರೋ ಹೇಳಿದರು. ಕುಳ್ಳಗಿನ, ಬಿಸಿಲಿಗೆ ಚರ್ಮ ಕೆಂಪಾದ, ಅರವತ್ತು ದಾಟಿದ ಹೆಂಗಸು. ಕಾಲಲ್ಲಿ ಚಪ್ಪಟೆ ಬೂಟು, ಕೊರಳು ಖಾಲಿ. ದುಪಟ್ಟಾದ ಇನ್ನೊಂದು ತುದಿಯನ್ನು ಅವರು ಹಿಡಿದರು, ಇಬ್ಬರೂ ಎದುರುಬದುರು ನಿಂತು ಹಿಂಡಿದರು. ಅವರ ಬಲಗೈಯ ಹೆಬ್ಬೆರಳು, ತೋರುಬೆರಳಿನ ನಡುವೆ ದಪ್ಪನೆಯ ಜಡ್ಡು ಇತ್ತು. ಅಪ್ಪನ ಕೈಯಲ್ಲಿ ಅದೇ ಜಾಗದಲ್ಲಿ ಇರುವಂಥದ್ದು, ಕತ್ತರಿ ಒತ್ತಿ ಒತ್ತಿ ಬರುವಂಥದ್ದು. ಅವರು ಯಾರೆಂದು ಪ್ರತೀಕ್ಷಾಳಿಗೆ ಆ ಜಡ್ಡಿನಿಂದಲೇ ತಿಳಿಯಿತು.

“ನಲವತ್ತನೆಯ ಪುಟ ನೀವೇ ಅಲ್ಲವೇ?” ಎಂದರು ಮದಾಮ್ ಸಿಮೋನ್.

ಎಲ್ರಾಯ್ ಕೊಟ್ಟ ಎರಡೂ ಸುಳ್ಳು ಎಲ್ಲಿ ಹೋದವೋ. “ನಾನೇ. ಆದರೆ ಅದು ನಿಮ್ಮ ಬಳ್ಳಿ ಅಲ್ಲ, ನಮ್ಮೂರಿನದು. ಬರೆಯುವಾಗ ನನಗೆ ನಮ್ಮ ಹೊಲ ಕಾಣಿಸುತ್ತಿತ್ತು,” ಎಂದಳು.

“ನಿಮ್ಮೂರಿನಲ್ಲಿ ಯಾಕೆ ಎರಡು ಸಲ?”

“ನಮ್ಮಲ್ಲಿ ಚಳಿಯಿಲ್ಲ. ಬಳ್ಳಿ ಮಲಗುವುದಿಲ್ಲ. ಬೆಳೆಯುತ್ತಲೇ ಇರುತ್ತದೆ, ಕಾಯಿ ಬಿಡುವುದನ್ನು ಮರೆಯುತ್ತದೆ. ಏಪ್ರಿಲ್‌ನಲ್ಲಿ ಕತ್ತರಿಸಿ ಹೊಸ ಕಡ್ಡಿ ಬರಿಸುತ್ತೇವೆ. ಅಕ್ಟೋಬರ್‌ನಲ್ಲಿ ಆ ಕಡ್ಡಿಯನ್ನೇ ಕತ್ತರಿಸಿ, ಕಣ್ಣಿಗೆ ಔಷಧ ಹಚ್ಚಿ ಚಿಗುರಿಸುತ್ತೇವೆ.” ಕಣ್ಣು ಎಂದದ್ದು ಇಂಗ್ಲಿಷಿನಲ್ಲಿ ತಪ್ಪಾಯಿತೆಂದು ತಡವರಿಸಿದಳು. “ಅಂದರೆ ಮೊಗ್ಗು. ನಮ್ಮ ಭಾಷೆಯಲ್ಲಿ ಅದಕ್ಕೆ ಕಣ್ಣು ಅನ್ನುತ್ತೇವೆ.”

“ನಾವೂ ಕಣ್ಣೇ ಅನ್ನುವುದು,” ಎಂದರು ಮದಾಮ್. ಹಿಂಡುವುದು ನಿಂತಿತ್ತು. “ಚಳಿಗಾಲದಲ್ಲಿ ಅದು ಮಲಗಿದ ಕಣ್ಣು. ನಿಮ್ಮಲ್ಲಿ ಅವು ಎಂದೂ ಮುಚ್ಚುವುದೇ ಇಲ್ಲವೇ?” ಅವಳು ಇಲ್ಲವೆಂದು ತಲೆಯಾಡಿಸಿದಳು. ಅವರು ದುಪಟ್ಟಾವನ್ನು ಮಡಚಿ ಅವಳ ಕೈಗಿಟ್ಟರು. “ಈ ಏಪ್ರಿಲ್ ಕೊನೆಯಲ್ಲಿ ನಮ್ಮಲ್ಲಿ ಹಿಮ ಬಿತ್ತು. ಕಣ್ಣುಗಳು ಆಗತಾನೇ ಬಿಟ್ಟಿದ್ದವು. ಬೆಳಗಾಗುವುದರೊಳಗೆ ಎಲ್ಲಾ ಕಪ್ಪು. ಹಣ್ಣು ಬಂದದ್ದು ಎಷ್ಟು ಎಂದು ಕೇಳಬೇಡಿ. ನಾನು ಚಳಿಗಾಲದಲ್ಲಿ ಒಮ್ಮೆ ಕತ್ತರಿಸಿದ್ದೆ, ಏಪ್ರಿಲ್‌ನಲ್ಲಿ ಹಿಮ ಕತ್ತರಿಸಿತು. ಈ ಪುಸ್ತಕ ಕೈಗೆ ಬಂದಾಗ ಏಪ್ರಿಲ್ ಎಂದು ಓದಿ, ನನ್ನ ಹೊಲ ನೋಡಿ ಬರೆದವರು ಯಾರಪ್ಪ ಎಂದುಕೊಂಡೆ. ಅದಕ್ಕೇ ನಿಮ್ಮನ್ನು ನೋಡಬೇಕೆಂದು ಬರೆದದ್ದು. ನಿಮ್ಮ ಮ್ಯಾನೇಜರಿಗೆ ಬೈಗುಳದ ಹಾಗೆ ಕಂಡಿತೇ?”

“ನನಗೂ ಹಾಗೇ ಕಂಡಿತು,” ಎಂದಳು ಪ್ರತೀಕ್ಷಾ. ಇಬ್ಬರೂ ನಕ್ಕರು, ಆದರೆ ಮದಾಮ್‌ರ ಕಣ್ಣಲ್ಲಿ ನೀರಿತ್ತು. ಅವಳಿಗೆ ಆ ಗಳಿಗೆಯಲ್ಲಿ ಅವರ ಮೇಲೆ ಅಕ್ಕರೆ ಉಕ್ಕಿತು, ಹೊಲದಲ್ಲಿ ಬಿದ್ದುಹೋದ ಬೆಳೆಯ ಮುಂದೆ ನಿಂತವರ ಮೇಲೆ ಬರುವಂಥದ್ದು. ತಪ್ಪು ತಪ್ಪಾಗಿಯೇ ಉಳಿಯಿತು, ಆ ಪುಟವನ್ನು ತಿದ್ದಲೇಬೇಕು ಎಂದು ಮದಾಮ್ ಖಂಡಿತವಾಗಿಯೇ ಹೇಳಿದರು. ಒದ್ದೆ ದುಪಟ್ಟಾವನ್ನು ಕೊರಳಿಗೆ ಸುತ್ತಿಕೊಂಡು ಅವಳು ಹಾಲಿಗೆ ಮರಳಿದಳು.

ಸೆಪ್ಟೆಂಬರ್‌ಗೆ ಎಲ್ರಾಯ್ ಎಂದು ಸುಸನ್ ಹೇಳಿದಾಗ ಜನರೆಲ್ಲ ಹೋಗಿ, ಹುಡುಗರು ಲೋಟ ಎತ್ತುತ್ತಿದ್ದರು. ನಿನ್ನ ಲೋಟ ತುಂಬಿಯೇ ಇದ್ದದ್ದನ್ನು ನೋಡಿದೆ, ತಂಡದವರಿಗೆ ಜೊತೆಗೆ ಕೂತು ಕುಡಿಯುವವರು, ನಗಿಸುವವರು ಬೇಕು, ನೀನು ಬೇಜಾರು ಮಾಡಿಕೊಳ್ಳಬೇಡ ಎಂದಳು. ನಿರ್ಧಾರ ಸರಿಯಾಗಿಯೇ ಇತ್ತು, ಅದಕ್ಕೇ ಇನ್ನಷ್ಟು ನೋವಾಯಿತು. ಅವಳು ಎಲ್ರಾಯ್‌ನ ಕೈ ಕುಲುಕಿದಳು. ಅವನು ತಪ್ಪು ಮಾಡಿದವನ ಹಾಗೆ ಬೂಟು ನೋಡುತ್ತ ನಿಂತ. ಸೆಪ್ಟೆಂಬರ್‌ನ ಗದ್ದಲ, ಗೊಂಚಲು ತುಂಬಿದ ಬುಟ್ಟಿಗಳು, ಹಳದಿಗೆ ತಿರುಗುವ ಎಲೆಗಳು, ತಾನೇ ಬರೆದ ಆ ಪುಟಗಳೆಲ್ಲ ಅವನ ಕಡೆಗೆ ನಡೆದುಹೋದವು. ಮದಾಮ್ ಸಿಮೋನ್ ಕೈಚೀಲ ಹೆಗಲಿಗೇರಿಸುತ್ತ ಅಲ್ಲಿಯೇ ಇದ್ದವರು, ಹಾಗಾದರೆ ನಲವತ್ತನೆಯ ಪುಟ ತಿದ್ದುವವರು ಯಾರು ಎಂದು ಸುಸನ್‌ಳನ್ನು ಕೇಳಿದರು. ಇವಳೇ ಎಂದಳು ಸುಸನ್. “ಹಾಗಾದರೆ ಜನವರಿಯಲ್ಲಿ ಕಳಿಸಿ. ಆಗ ಬರುವವರು ಯಾರೂ ಇಲ್ಲ, ಕೋಣೆಗಳು ಖಾಲಿ. ನೋಡಲಿಕ್ಕೂ ಏನಿಲ್ಲ. ಬರೀ ಕೋಲು, ಮಂಜು, ಕೆಸರು. ನನ್ನ ಜೊತೆ ನಿಂತು ಒಂದು ಸಾಲು ಕತ್ತರಿಸಲಿ, ಆಮೇಲೆ ಬರೆಯಲಿ.” ಸುಸನ್ ಒಪ್ಪಿದಳು, ಖಾಲಿ ದಿನಗಳ ಟಿಕೆಟ್ಟು ಅಗ್ಗವೆಂದೂ ಇರಬಹುದು. ಪ್ರತೀಕ್ಷಾಳಿಗೆ ಏನಿಲ್ಲ ಎಂಬ ಮಾತು ಮಾತ್ರ ಕೇಳಿಸಿತು. ಒಂದು ವರ್ಷ ತಾನು ನಕಾಶೆಯ ಮೇಲೆ ಬೆರಳಾಡಿಸಿದ್ದು ಯಾವುದಕ್ಕೆಂದು ಆಗ ತಿಳಿಯಿತು. ಗೊಂಚಲನ್ನು ಅವಳು ಹುಟ್ಟಿದಾಗಿನಿಂದ ನೋಡಿದ್ದಳು. ಮಲಗಿದ ಬಳ್ಳಿಯನ್ನು ಒಮ್ಮೆಯೂ ನೋಡಿರಲಿಲ್ಲ, ಅಪ್ಪನೂ ನೋಡಿರಲಿಲ್ಲ, ಅವನ ಅಪ್ಪನೂ.

ಬರುವಾಗ ಅವಳ ಡ್ರೈವಿಂಗ್. ಪಶ್ಚಿಮದಲ್ಲಿ ಸೂರ್ಯ ಇಳಿದು, ಮಗ್ರಿಬ್ ಬಾಂಗು ಎಲ್ಲಿಂದಲೋ ಕೇಳಿ ಹಿಂದೆ ಬಿತ್ತು. ಪಕ್ಕದಲ್ಲಿ ಎಲ್ರಾಯ್ ತೂಕಡಿಸುತ್ತಿದ್ದವನು ಎಚ್ಚೆತ್ತು, “ಬೇಜಾರುಂಟಾ?” ಎಂದ. “ಇತ್ತು. ಈಗಿಲ್ಲ,” ಎಂದಳು. ಅವನು ನಂಬದೆ ಅವಳ ಮುಖ ನೋಡಿ, ನಂಬಿ, ಮತ್ತೆ ಕಣ್ಣು ಮುಚ್ಚಿದ.

ಬಾಗಿಲು ತೆಗೆದ ಅವ್ವನ ಕಣ್ಣು ಮೊದಲು ಹೋದದ್ದು ದುಪಟ್ಟಾದ ಮೇಲೆ. ಎಳೆದುಕೊಂಡು ಮೂಗಿಗೆ ಹಿಡಿದಳು.

“ಹುಳಿ ದ್ರಾಕ್ಷಿ. ಚೆಲ್ಲಿಕೊಂಡಿಯೇನ?”

“ಚೆಲ್ಲತು. ಹಿಂಡುವಾಗ ಹಲ್ಲಿಗಿ ಹತ್ತೇತವ್ವಾ,” ಎಂದಳು ಪ್ರತೀಕ್ಷಾ. ಹೇಳದಿದ್ದರೂ ನಡೆಯುತ್ತಿತ್ತು.

“ಬಾಯಿಗಿ ಅಲ್ಲ, ಹಲ್ಲಿಗಿ.” ಅವ್ವ ಮಗಳನ್ನು ಮೇಲಿಂದ ಕೆಳಗೆ ನೋಡಿದಳು. “ಹಲ್ಲ ಮತ್ತ ಎಲ್ಲಿರ್ತಾವ, ಮೊಣಕಾಲಾಗ?” ಅವಳ ತುಟಿಯಂಚಿನಲ್ಲಿ ನಗುವಿತ್ತು. “ಬಿಡು. ಬಟ್ಟಿ ಕುಡದೇತಿ, ನೀ ಕುಡದಿಲ್ಲ.” ದುಪಟ್ಟಾವನ್ನು ಬಕೆಟ್ಟಿನಲ್ಲಿ ನೆನೆಹಾಕಿ ಬಂದು ಕೂತಳು. “ಹೋಗೂದ ಏನಾತು?”

“ಸೆಪ್ಟೆಂಬರಕ್ಕ ಎಲ್ರಾಯ್ ಹೊಂಟಾನ. ನಾ ಜನವರಿಯಾಗ.”

“ಜನವರಿಯಾಗ ಏನೈತಿ ಅಲ್ಲಿ?”

“ಏನೂ ಇಲ್ಲ. ಥಂಡಿ ಇರತೈತಿ. ಬಳ್ಳಿ ಮಲಗಿರ್ತಾವ, ಎಲಿ ಸೈತ ಇಲ್ಲ. ಆವಾಗ ಚಾಟ್ನಿ ಮಾಡ್ತಾರ. ಅದೊಂದ ಸಲ.”

ಅವ್ವ ಇದನ್ನು ಕೂಡಲೇ ನಂಬಲಿಲ್ಲ. ಮಲಗಿದಾಗಲೇ ಕತ್ತರಿ ಹಾಕುತ್ತಾರೆಯೇ ಎಂದು ಇನ್ನೊಮ್ಮೆ ಕೇಳಿ ಖಾತ್ರಿ ಮಾಡಿಕೊಂಡಳು. “ಪುಣ್ಯವಂತ ಬಳ್ಳಿ ಬಿಡು. ಎಚ್ಚರ ಆಗೂದ್ರಾಗ ಎಲ್ಲಾ ಮುಗದಿರತೈತಿ,” ಎಂದು ಫೋನು ಎತ್ತಿ ಊರಿಗೆ ಹಚ್ಚಿದಳು. ದೊಡ್ಡ ದನಿಯಲ್ಲಿ, ಸ್ಪೀಕರಿಗೆ ಹಾಕಿ, ಅಪ್ಪನಿಗೆ ಎಲ್ಲವನ್ನೂ ವರದಿ ಮಾಡಿದಳು. ಅಲ್ಲಿಂದ ದಿನವಿಡೀ ಕತ್ತರಿ ಹಿಡಿದು ನಿಂತ ಮನುಷ್ಯ ಉಸಿರಾಡುವುದಷ್ಟೇ ಕೇಳುತ್ತಿತ್ತು, ಲೈನು ಹೋಯಿತೇನೋ ಎಂದು ಅವ್ವ ಫೋನನ್ನು ತಟ್ಟಿದಳು.

“ಮಲಗಿರ್ತಾವಂತ?” ಎಂದ ಅಪ್ಪ ಕೊನೆಗೆ.

“ಹೂಂ, ಮಲಗಿರ್ತಾವಂತ.”

“ಸಪ್ಪಳ ಮಾಡದ ಅಡ್ಡಾಡು ಅನ್ನು ಅಕಿಗೆ.”